ನಾರಿನ ಸಾಹೇಬ

ಆತ ತೀರಿಕೊಂಡ ಸುದ್ದಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಗಜೇಂದ್ರಗಡದಿಂದ ಬಂದ ನಮ್ಮ ಬೀಗರು ಅಂಗಳದಲ್ಲಿ ಕಾಲು ತೊಳೆದುಕೊಳ್ಳುತ್ತಲೇ, "ಮಾಸ್ತರ, ನಿಮ್ಮ ದೋಸ್ತರು, ನಾರಿನ ಸಾಹೇಬರು, ಹೋಗಿಬಿಟ್ರಂತರಿ. ಮಲಗಿದಲ್ಲೇ ಹೋದ್ರಂತ" ಎಂದರು. ಕೈಯಲ್ಲಿದ್ದ ರೊಟ್ಟಿಯ ಚೂರು ಹಾಗೇ ನಿಂತಿತು. ಅದರ ಬೆನ್ನಿಗೇ ನಗು ಬಂತು. ತಡೆದುಕೊಳ್ಳಲು ನೋಡಿದೆ, ತಡೆದಷ್ಟೂ ಉಕ್ಕಿತು. ನನ್ನ ಹೆಂಡತಿ ತಂಬಿಗೆ ಕೆಳಗಿಟ್ಟು, "ಏನಾಗೇತ್ರಿ ನಿಮಗ? ಸತ್ತ ಸುದ್ದಿ ಕೇಳಿ ಯಾರರ ನಗತಾರೇನು?" ಎಂದು ಗದರಿದಳು.

"ಮೋಟಾರಿನ ಹಿಂದ ಜೋತುಬಿದ್ದು ಬಂದದ್ದು ನೆನಪಾತು" ಎಂದೆ.

ಆ ಕಥೆ ಅವಳಿಗೆ ಗೊತ್ತಿತ್ತು. ಆಮೇಲೆ ಅವಳೂ ನಕ್ಕಳು. ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಬೀಗರು ಮಾತ್ರ ಕಾಲಿಗೆ ನೀರು ಹಾಕಿಕೊಳ್ಳುವುದನ್ನು ಬಿಟ್ಟು, ಇಂಥ ಮನೆಗೆ ಹೆಣ್ಣು ಕೊಟ್ಟೆವಲ್ಲ ಎಂಬಂತೆ ನಿಂತಿದ್ದರು.

ಕಥೆ ಹೀಗೆ. ರಾಜ್ಯ ಒಂದಾದ ಹೊಸತು. ಚುನಾವಣೆಯ ಗದ್ದಲ ಆಗತಾನೆ ಶುರುವಾಗಿತ್ತು. ನಾನು ರೋಣದಲ್ಲಿ ಸಾಲಿ ಮಾಸ್ತರ. ಆತ ಗ್ರಾಮಸೇವಕ. ಪೇಟೆಯ ಹಿಂದಿನ ಓಣಿಯಲ್ಲಿ ಒಂದೇ ಖೋಲಿಯಲ್ಲಿ ಇಬ್ಬರೂ ಇದ್ದೆವು. ಒಂದು ರವಿವಾರ ಮುಶಿಗೇರಿಗೆ ಹೋಗಿ, ಹಿಂದಿರುಗಲು ಗಜೇಂದ್ರಗಡದಲ್ಲಿ ರೋಣದ ಮೋಟಾರಿಗೆ ನಿಂತಿದ್ದೆವು. ಆತ ಅಂದು ಇಡೀ ಹಗಲು ಹಳ್ಳದ ಮಡುವಿನಲ್ಲಿ ಎದೆಮಟ್ಟದ ನೀರಿಗಿಳಿದು ಕೊಳೆಹಾಕಿದ ಪುಂಡಿ ಗಿಡದ ನಾರು ಸುಲಿದಿದ್ದ. ಕೊಳೆತ ಪುಂಡಿಯ ವಾಸನೆ ಬಲ್ಲವರೇ ಬಲ್ಲರು. ಮೈ ತೊಳೆದರೆ ಹೋಗುವಂಥದಲ್ಲ. ಬಟ್ಟೆ ಸುಟ್ಟರೂ ಹೊಗೆಯಲ್ಲಿ ಉಳಿಯುವಂಥದು. ಆತ ಪಾವಟಿಗೆಯ ಮೇಲೆ ಕಾಲಿಟ್ಟನೋ ಇಲ್ಲವೋ, ಡ್ರೈವರ್ ಚಾಚಾ ಮೂಗಿಗೆ ಟಾವೆಲ್ ಒತ್ತಿಕೊಂಡು ಕೈ ಮುಗಿದುಬಿಟ್ಟರು.

"ಸಾಹೇಬ, ನಿಮ್ಮ ಕಾಲಿಗೆ ಬೀಳತೇನಿ. ನೀವು ಒಳಗ ಬಂದ್ರ ಮಂದಿ ಎಲ್ಲಾ ಹೊರಗ ಹೋಗ್ತಾರ್ರಿ."

"ಖರೇ ಐತಿ ಚಾಚಾ" ಎಂದು ಆತ ಒಪ್ಪಿಕೊಂಡ. ಹಿಂದೆ ಹೋಗಿ, ಸಾಮಾನು ಏರಿಸುವ ನಿಚ್ಚಣಿಕೆಯ ಮೇಲೆ ನಿಂತ. ಕೊರಳಿಗೆ ಹಸಿ ನಾರಿನ ದೊಡ್ಡ ಲಡಿಯೊಂದನ್ನು ಹಾಕಿಕೊಂಡಿದ್ದ, ಒಣಗಲಿ ಎಂದು. ದಾರಿಯುದ್ದಕ್ಕೂ ಗಂಟಲು ಬಿಚ್ಚಿ ಹಾಡಿದ. ರೋಣದ ಊರಮುಂದೆ ಚಹಾದಂಗಡಿಯ ಮಂದಿ ನೋಡಿದರು: ಬೆಳ್ಳಗೆ ಹೊಳೆಯುವ ಹಾರ ಹಾಕಿಕೊಂಡವನೊಬ್ಬ ಮೋಟಾರಿಗೆ ನಿಂತು ಬರುತ್ತಿದ್ದಾನೆ. ಚುನಾವಣೆಗೆ ನಿಂತವರು ಎಂದುಕೊಂಡು ಯಾರೋ ಜೈ ಎಂದರು. ಉಳಿದವರೂ ಜೈ ಎಂದರು. ಆತನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಒಂದು ಕೈ ಬಿಟ್ಟು ಮೇಲೆತ್ತಿ ಕೂಗಿದ: "ಪುಂಡಿ ಹಾಕ್ರಿ! ಎಲ್ಲಾರೂ ಪುಂಡಿ ಹಾಕ್ರಿ!"

ಹಿಂದಿನಿಂದ ಒಬ್ಬ ಮುದುಕ ಓಡುತ್ತ ಬಂದು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಅದು ಯಾವ ಪಾರ್ಟಿ ಗುರ್ತರಿ?"

ನಮ್ಮ ಕಡೆ ಪುಂಡಿ ಎಂದರೆ ಪಲ್ಯ. ಜೋಳದ ನುಚ್ಚು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುದಿಸಿದ ಹುಳಿ ಹುಳಿ ಪುಂಡಿಪಲ್ಯ. ಒಕ್ಕಲು ಮಕ್ಕಳು ಹೊಲದ ಅಂಚಿಗೆ, ಇಲ್ಲವೆ ಜೋಳದ ನಡುವೆ ಒಂದೆರಡು ಸಾಲು ಹಾಕುತ್ತಿದ್ದರು. ಎಳೆಯದಿದ್ದಾಗ ಎಲೆ ತಿನ್ನುವುದು, ಬಲಿತ ಮೇಲೆ ಕೊಯ್ದು ಕೊಳೆಹಾಕಿ ಎತ್ತಿನ ಹಗ್ಗಕ್ಕೆ ಆಗುವಷ್ಟು ನಾರು ತೆಗೆದುಕೊಳ್ಳುವುದು. ಇಷ್ಟೇ ಪುಂಡಿಯ ವ್ಯವಹಾರ. ಇಂಥ ಊರುಗಳಿಗೆ ಈತ, ಪುಂಡಿಯನ್ನು ಹೊಲದ ತುಂಬ ಬಿತ್ತಿರಿ ಎಂದು ಹೇಳಲು ಬಂದ. ದೇಶ ಎರಡಾದಾಗ ಸೆಣಬು ಬೆಳೆಯುವ ಹೊಲಗಳೆಲ್ಲ ಆ ಕಡೆ ಹೋದವು, ಚೀಲ ನೇಯುವ ಗಿರಣಿಗಳು ಈ ಕಡೆ ಉಳಿದವು, ಪುಂಡಿಯ ನಾರು ಸೆಣಬಿನ ಜಾಗಕ್ಕೆ ಬಂದೀತು ಎಂಬುದು ಸರಕಾರದ ಲೆಕ್ಕಾಚಾರ. ಸರಕಾರ ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿತ್ತೋ ನಾನರಿಯೆ. ಈತ ಮಾತ್ರ ಮನೆಯ ಹಿರಿಯರು ಆಸ್ಪತ್ರೆಯಲ್ಲಿದ್ದಾರೇನೋ ಎಂಬಂತೆ ಚಡಪಡಿಸುತ್ತಿದ್ದ. ಬೆಳವಣಕಿಯ ಕಟ್ಟೆಯ ಮೇಲೆ ನಿಂತು, "ದೇಶಕ್ಕ ಚೀಲ ಇಲ್ರಿ, ಚೀಲ!" ಎಂದು ಎದೆ ಬಡಿದುಕೊಂಡಾಗ ಒಬ್ಬ ಹೆಣ್ಣುಮಗಳು ಮನೆಯೊಳಗಿಂದ ಖಾಲಿ ಗೋಣಿಚೀಲವೊಂದನ್ನು ತಂದುಕೊಟ್ಟಿದ್ದಳು. ಆತ ಅದನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡಿದ್ದ.

ನಾರು ಎನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಆತನಲ್ಲಿ ಎರಡೂ ಕೂಡಿದ್ದರಿಂದ ನಾರಿನ ಸಾಹೇಬ ಎಂಬ ಹೆಸರು ಯಾರು ಇಟ್ಟರೆಂದು ಹುಡುಕುವ ಕಾರಣವೇ ಬೀಳಲಿಲ್ಲ, ತಾನಾಗಿ ಅಂಟಿಕೊಂಡಿತು. ಕೆಲವರು "ನಾರೂ ಸಾಹೇಬ" ಎಂದು ಎಳೆದು ಹೇಳುತ್ತಿದ್ದರು. ಆತ ಅದಕ್ಕೂ "ಓ" ಎನ್ನುತ್ತಿದ್ದ.

ಎತ್ತರದ ಆಳು. ಮೊಣಕಾಲು ಕಾಣುವ ಖಾಕಿ ಚಡ್ಡಿ, ಸೈಕಲ್ಲು, ಸದಾ ಕೆದರಿದ ಕೂದಲು. ಕಂಡ ಹಗ್ಗವನ್ನೆಲ್ಲ ಹಿಡಿದು ಜಗ್ಗುವುದು ಆತನ ಚಟ. ಯಾರ ಮನೆಗೆ ಹೋದರೂ ಮೊದಲು ಕೈ ಹೋಗುವುದು ಹಗ್ಗಕ್ಕೆ. ಜಗ್ಗುವುದು, ಮೂಸುವುದು, ಒಂದೆಳೆ ಬಿಚ್ಚಿ ಹಲ್ಲಿಗೆ ಕೊಡುವುದು. "ಇದು ಕತ್ತಾಳಿ. ಇದು ಪುಂಡಿ, ಆದ್ರ ಬಲಿತ ಮ್ಯಾಲೆ ಕೊಯ್ದಾರ." ಹಾಗೆ ಜಗ್ಗಿ ಎಷ್ಟು ಕರುಗಳನ್ನು ಬಿಚ್ಚಿಬಿಟ್ಟನೋ! ಸಂಜೆ ಹಾಲು ಹಿಂಡಲು ಕೂತ ಹೆಂಗಸರು ಬರಿಗೈಲಿ ಎದ್ದು, "ಸಾಹೇಬ ಬಂದಿದ್ದನೇನಬೇ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ನಾವು ಊಟ ಮಾಡುತ್ತಿದ್ದ ಖಾನಾವಳಿಯ ಕಾಕು ಜೋರಿನ ಹೆಂಗಸು. ಒಮ್ಮೆ ಆಕೆಯ ಬಾವಿಯ ಹಗ್ಗವನ್ನು ಆತ ಜಗ್ಗಿದ. ಅದು ಹರಿಯಿತು, ಕೊಡ ಬುಳುಬುಳು ಎನ್ನುತ್ತ ತಳ ಕಂಡಿತು. ಆತ ಕುಣಿಯುವುದೊಂದು ಬಾಕಿ.

"ನೋಡಿದ್ರೇನ್ರಿ ಕಾಕು! ಇದು ಚಲೋ ಪುಂಡಿ ಹಗ್ಗ ಆಗಿದ್ರ ಹರೀತಿತ್ತೇನು?"

"ಹರದದ್ದು ಹಗ್ಗ, ಹೋದದ್ದು ನನ್ನ ಕೊಡಾ" ಎಂದಳು ಕಾಕು ಲಟ್ಟಣಿಗೆ ಹಿಡಿದುಕೊಂಡೇ. "ಇಳೀರಿ ಬಾವ್ಯಾಗ. ಕೊಡಾ ಬರೂತನಾ ರೊಟ್ಟಿ ಇಲ್ಲ."

ಆತ ಇಳಿದ. ಕೊಡ ತಂದ. ಮರುದಿನ ತಾನೇ ಹೊಸೆದ ಪುಂಡಿಯ ಹಗ್ಗ ಕಟ್ಟಿಕೊಟ್ಟ. ಕಾಕು ಅದನ್ನು ಜಗ್ಗಿ ನೋಡಿ ಆತನ ತಾಟಿಗೆ ಒಂದು ರೊಟ್ಟಿ ಹೆಚ್ಚು ಹಾಕಿದಳು. ನಮ್ಮ ಖೋಲಿಯಂತೂ ಜೇಡರ ಬಲೆಯಾಗಿತ್ತು. ಹೊರಸಿಗೆ ಪುಂಡಿ ಹಗ್ಗ, ಬಟ್ಟೆ ಹರವಲು ಪುಂಡಿ ಹಗ್ಗ, ಮೊಸರಿನ ಗಡಿಗೆ ತೂಗುಹಾಕಲು ಪುಂಡಿಯ ನೆಲುವು, ನನ್ನ ಛತ್ರಿಗೂ ಒಂದು ಪುಂಡಿಯ ಕುಣಿಕೆ. ನಾರು ಸುಲಿದು ಉಳಿದ ಬೆಳ್ಳನೆಯ ಕಡ್ಡಿಗಳಿಂದ ಕಿಟಕಿಗೆ ತಟ್ಟಿ ಮಾಡಿದ್ದ. ಅದನ್ನೇ ಮುರಿದು ನಾನು ಚಹಾದ ಒಲೆ ಹಚ್ಚುತ್ತಿದ್ದೆ. ಆತ ಮತ್ತೆ ಕಟ್ಟುತ್ತಿದ್ದ. ಈ ವಿಷಯಕ್ಕೆ ನಮ್ಮಲ್ಲಿ ಒಮ್ಮೆಯೂ ಜಗಳವಾಗಲಿಲ್ಲ.

ಎಲ್ಲ ಊರಲ್ಲೂ ನಕ್ಕು ಕಳಿಸಿದ ಆತನ ಮಾತಿಗೆ ಕಿವಿಗೊಟ್ಟವರು ಮುಶಿಗೇರಿಯ ಗೌಡರು. ಅವರೂ ಮೊದಲಿಗೆ, "ಎಕರೆಗಟ್ಟಲೆ ಪುಂಡಿ ಹಾಕಿದ್ರ ಇಡೀ ತಾಲೂಕಿಗೆ ನಾನಽ ಪಲ್ಯಾ ಮಾಡಿ ಹಾಕಬೇಕಾಗತೈತ್ರಿ" ಎಂದು ಮೀಸೆಯೊಳಗೆ ನಕ್ಕಿದ್ದರು. ಆದರೆ ಗೌಡರ ತಾಯಿ ಪಡಸಾಲೆಯಲ್ಲಿ ಕೂತು ಅಡಿಕೆ ಕುಟ್ಟುತ್ತಿದ್ದಳು. ಊರಿಗೆಲ್ಲ ಆಕೆ ಆಯಿ. ಹಲ್ಲು ಹೋಗಿದ್ದರೂ ಮಾತಿನ ಕಡಿತ ಹೋಗಿರಲಿಲ್ಲ.

"ಹಾಕೋ" ಎಂದಳು ಮಗನಿಗೆ. "ಆ ಹುಡುಗ ಮುಂಜಾನಿಂದ ಬಾಯಿ ಒಣಗಿಸಿಕೊಂಡಾನ. ಒಂದು ಎಕರೆದಾಗ ನಿಂದೇನು ಗಂಟು ಹೋಗತೈತಿ?"

ಮುಂಗಾರಿಗೆ ಬಿತ್ತಿದ್ದಾಯಿತು. ಆ ವರ್ಷ ಮಳೆ ಚೆನ್ನಾಗಿ ಆಯಿತು. ಪುಂಡಿ ಎರಡಾಳು ಎತ್ತರ ಬೆಳೆದು ನಿಂತಿತು. ಮೈಯೆಲ್ಲ ಸಣ್ಣ ಮುಳ್ಳು. ತುದಿಯಲ್ಲಿ ತಿಳಿಹಳದಿ ಹೂವು, ಹೂವಿನ ನಡುವೆ ಕುಂಕುಮದ ಬೊಟ್ಟಿನಂಥ ಕೆಂಪು. ಹೂ ಬಿಟ್ಟಾಗ ಕೊಯ್ದರೆ ನಾರು ಮೆತ್ತಗೆ ಬರುತ್ತದೆಂದು ಆತ ದಿನಾ ಬಂದು ಹೂ ಎಣಿಸುವವನಂತೆ ತಿರುಗಾಡುತ್ತಿದ್ದ. ಒಮ್ಮೆ ಒಳಗೆ ಹೊಕ್ಕವನು ದಾರಿ ತಪ್ಪಿ, ಯಾವ ಕಡೆ ಬಂದರೂ ಪುಂಡಿಯೇ ಕಂಡು, "ಗೌಡ್ರ, ಒಂದು ಸೀಟಿ ಹೊಡೀರಿ, ಆ ಕಡೆ ಬರತೇನಿ" ಎಂದು ಒಳಗಿನಿಂದಲೇ ಕೂಗಿದ್ದನಂತೆ. ಗೌಡರು ಬೇಕೆಂದೇ ಹೊಲದ ಸುತ್ತ ತಿರುಗುತ್ತ ಸೀಟಿ ಹೊಡೆದರಂತೆ.

ಕೊಯ್ದು ಸಿವುಡು ಕಟ್ಟಿ, ಎಲೆ ಉದುರಿದ ಮೇಲೆ ಹಳ್ಳದ ಮಡುವಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದರು. ನಾರು ಬಿಡಿಸಿಕೊಳ್ಳಬೇಕಾದರೆ ತೊಗಟೆ ನೀರಿನಲ್ಲಿ ಕೊಳೆಯಲೇಬೇಕು. ಒಂದೆರಡು ಸಿವುಡಿನ ಕೊಳೆ ಊರಿಗೆ ಹೊಸದಲ್ಲ. ಒಂದಿಡೀ ಹೊಲವೇ ಕೊಳೆತದ್ದು ಅದೇ ಮೊದಲು. ಕುಡಿಯುವ ನೀರಿಗೆ ಬಾವಿ ಬೇರೆ ಇತ್ತು, ಅದೊಂದು ಪುಣ್ಯ. ಗಾಳಿ ಮೂಡಲಿಂದ ಬೀಸಿದಾಗ ಮಂದಿ ಊಟದ ತಾಟು ಎತ್ತಿಕೊಂಡು ಪಡುವಣ ಓಣಿಗೆ ಹೋಗುತ್ತಿದ್ದರು.

ಆಗ ಬಂತು ಆ ರವಿವಾರ. ನಾನು ಮೊದಲು ಹೇಳಿದ ಮೋಟಾರಿನ ದಿನವೂ ಅದೇ. ಆತ ನಾರು ಸುಲಿಯುವ ಸೊಗಸು ತೋರಿಸುತ್ತೇನೆಂದು ನನ್ನನ್ನು ಕರೆದುಕೊಂಡು ಹೋಗಿದ್ದ. ನಾನು ಹಳ್ಳದ ದಂಡೆಯಲ್ಲಿ ಒಂದು ಗಳಿಗೆ ನಿಂತು, ಕಣ್ಣು ಉರಿದು, ಗೌಡರ ಮನೆಗೆ ಓಡಿಬಂದೆ. ಅಲ್ಲಿ ನೋಡಿದರೆ ಜಮಖಾನೆ ಹಾಸಿದ್ದಾರೆ, ತಲೆದಿಂಬು ಇಟ್ಟಿದ್ದಾರೆ. ಗೌಡರ ಮಗಳನ್ನು ನೋಡಲು ನರಗುಂದದಿಂದ ಮಂದಿ ಬಂದಿದ್ದರು. ದೊಡ್ಡ ಮನೆತನ, ಅಡತಿ ಅಂಗಡಿಯವರು. "ಬರ್ರಿ ಮಾಸ್ತರ, ನೀವೂ ಕೂಡ್ರಿ" ಎಂದು ಗೌಡರು ನನ್ನನ್ನು ಜಮಖಾನೆಯ ತುದಿಗೆ ಕೂಡಿಸಿದರು.

ನರಗುಂದದವರು ಉಸಿರು ಬಿಗಿಹಿಡಿದು ಕೂತಿದ್ದರು. ವರನ ಸೋದರಮಾವ ಜರಿ ರುಮಾಲಿನ ಚುಂಗನ್ನು ಮೂಗಿಗೆ ಹಿಡಿದಿದ್ದರು. ವರನ ತಾಯಿ ತಡೆಯಲಾರದೆ, "ನಿಮ್ಮೂರಾಗ ದಿನಾ ಹಿಂಗ ಏನ್ರಿ?" ಎಂದು ಕೇಳಿದರು.

"ಹ್ಯಾಂಗ್ರಿ?" ಎಂದಳು ಆಯಿ, ಏನೂ ಅರಿಯದವಳಂತೆ.

ಹುಡುಗಿ ಬಂದು ಕೂತಳು. ತಲೆ ತಗ್ಗಿಸಿದ್ದಳು. ಚೂಡಾ, ಲಾಡು ಬಂದವು, ಯಾರೂ ಮುಟ್ಟಲಿಲ್ಲ. ಹೆಸರು ಕೇಳಿದರು, ಹೇಳಿದಳು. ಅಷ್ಟರಲ್ಲಿ ಹೊರಗೆ ದಡದಡ ಸಪ್ಪಳ. ನಾರಿನ ಸಾಹೇಬ ಒಳಗೆ ನುಗ್ಗಿದ. ಎದೆಯವರೆಗೆ ಕಪ್ಪು ನೀರು ಸುರಿಯುತ್ತಿದೆ, ತಲೆಯಲ್ಲಿ ಪುಂಡಿಯ ಸಿಪ್ಪೆ, ಮುಖದಲ್ಲಿ ಲೋಕವನ್ನೇ ಗೆದ್ದ ಕಳೆ. ಎರಡೂ ಕೈಯಲ್ಲಿ ನಾರಿನ ಲಡಿ.

"ಗೌಡ್ರ, ಬಂತ್ರಿ! ರೇಷ್ಮಿ ಬಂದಂಗ ಬಂತ್ರಿ! ಜಗ್ಗಿ ನೋಡ್ರಿ!"

ಗೌಡರು ಯಾರು, ಉಳಿದವರು ಯಾರು ಎಂದು ನೋಡುವ ವ್ಯವಧಾನ ಆತನಿಗಿರಲಿಲ್ಲ. ಸಮೀಪದಲ್ಲಿದ್ದ ಜರಿ ರುಮಾಲಿನವರ ತೊಡೆಯ ಮೇಲೆ ಆ ಹಸಿ ಲಡಿಯನ್ನು, ಹಸುಗೂಸನ್ನು ಇಟ್ಟಂತೆ ಇಟ್ಟುಬಿಟ್ಟ. ಅವರು "ಅಯ್ಯೋ ಶಿವನ" ಎಂದು ಎದ್ದರು. ಲಡಿ ಅವರ ಧೋತರಕ್ಕೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಜಗ್ಗಿದರು. ಅದು ಹರಿಯಲಿಲ್ಲ.

"ಹರಿಯೂದಿಲ್ರಿ! ಅದಽ ನೋಡ್ರಿ ಅದರ ಗುಣಾ!" ಎಂದು ಆತ ಇನ್ನೂ ಹಿಗ್ಗಿನಲ್ಲೇ ಇದ್ದ.

ಆಗ ಗೌಡರ ಮಗಳು ನಕ್ಕಳು. ಕನ್ಯೆ ನೋಡಲು ಬಂದವರ ಮುಂದೆ ಹುಡುಗಿಯರು ನಗುವ ನಗುವಲ್ಲ. ತಲೆಯೆತ್ತಿ, ಬಾಯಿ ತೆರೆದು, ಹೊಟ್ಟೆಯಿಂದ ಬಂದ ನಗು. ನಿಲ್ಲಿಸಲು ನೋಡಿ, ಆಗದೆ, ಎದ್ದು ಒಳಗೆ ಓಡಿದಳು. ಅಡಿಗೆಮನೆಯಿಂದಲೂ ಆ ನಗು ಕೇಳಿಸುತ್ತಿತ್ತು.

ನರಗುಂದದ ಬಂಡಿ ಅವತ್ತೇ ತಿರುಗಿತು. ವಾಸನೆಯ ಊರು ಎನ್ನಲಿಲ್ಲ ಅವರು. ಹಿರಿಯರ ಮುಂದೆ ಹೆಣ್ಣು ಹಲ್ಲು ಬಿಟ್ಟು ನಕ್ಕಿತು ಎಂದರು. ಆ ಮಾತು ಬಂಡಿಗಿಂತ ಮುಂದೆ ಓಡಿತು. ಸೂಡಿ ಊರಿನವರು ಹುಡುಗಿ ನೋಡಲು ಬರಬೇಕಾಗಿತ್ತು, ಬರಲಿಲ್ಲ. ಯುಗಾದಿ ಹೋಯಿತು, ಬಸವ ಜಯಂತಿ ಹೋಯಿತು; ಯಾರೂ ಬರಲಿಲ್ಲ. ನಗುವ ಹುಡುಗಿ ಎಂದರೆ ಮುಶಿಗೇರಿಯ ಗೌಡರ ಮನೆಯದು ಎಂದು ಸಂತೆಯಲ್ಲಿ ಆಡಿಕೊಳ್ಳುವಂತಾಯಿತು.

ಅವತ್ತು ಮೋಟಾರಿನ ಹಿಂದೆ ಹಾಡುತ್ತ ಬಂದವನಿಗೆ ತಾನು ಏನು ಮಾಡಿಬಂದೆನೆಂಬ ಖಬರೇ ಇರಲಿಲ್ಲ. ಬಂದವರು ಧಾನ್ಯದ ವ್ಯಾಪಾರಿಗಳೆಂದುಕೊಂಡಿದ್ದನಂತೆ! ಆ ಹಿಗ್ಗು ಕೆಡಿಸಿ ಹೇಳಲು ನನಗೂ ಮನಸ್ಸು ಬಂದಿರಲಿಲ್ಲ. ಆ ನಗುವಿನ ಕಾರಣಕ್ಕೆ ಒಂದು ಹೆಣ್ಣಿನ ಮದುವೆಯೇ ನಿಂತಿದೆ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಗೊತ್ತಾದ ದಿನ ಆತ ಕಾಕುವಿನ ಪುಂಡಿಪಲ್ಯ ಮುಟ್ಟಲಿಲ್ಲ. ಎದುರು ಕಂಡ ಕರುವಿನ ಹಗ್ಗವನ್ನು ಜಗ್ಗಲಿಲ್ಲ. ನಾನು ಕಿಟಕಿಯ ತಟ್ಟಿಯ ಕಡ್ಡಿ ಮುರಿದು ಚಹಾ ಮಾಡಿದರೆ ತಿರುಗಿ ಕಟ್ಟಲಿಲ್ಲ. ನನಗೆ ಹೆದರಿಕೆಯಾಯಿತು.

ಕಡೆಗೊಂದು ದಿನ ಚಡ್ಡಿ ಬಿಟ್ಟು ಧೋತರ ಉಟ್ಟುಕೊಂಡು ನನ್ನನ್ನು ಕರೆದುಕೊಂಡು ಮುಶಿಗೇರಿಗೆ ಹೋದ. ಜಾತಿ, ಮತ, ಮನೆತನ ಎಲ್ಲ ಕೂಡುತ್ತಿದ್ದವು. ಕೂಡದೇ ಇದ್ದದ್ದು ವಾಸನೆಯೊಂದೇ. ಗೌಡರೆದುರು ನಿಂತು, ಧೋತರದ ಅಂಚು ತಿರುವುತ್ತ, "ನಿಮ್ಮ ಮಗಳನ್ನ ನನಗ ಕೊಡ್ರಿ" ಎಂದ.

ಗೌಡರು ಕೂತಲ್ಲಿಂದ ಎದ್ದರು. ಆಮೇಲೆ, "ನನ್ನ ಮಗಳ ಮ್ಯಾಲೆ ಕನಿಕರ ಮಾಡಾಕ ಬಂದೀರೇನು?" ಎಂದರು. "ನಮ್ಮ ಮನಿ ಅಷ್ಟು ಇಳದಿಲ್ಲ ಸಾಹೇಬ. ನಡೀರಿ."

ಚೀಲದ ಬಗ್ಗೆ ಗಂಟೆಗಟ್ಟಲೆ ಮಾತಾಡುವವನ ಬಾಯಿ ಕಟ್ಟಿಹೋಯಿತು. ಹೊರಗೆ ಬರುವಾಗ ಬಾಗಿಲ ಹಿಂದೆ ಬಳೆಯ ಸಪ್ಪಳವಾಯಿತು. ಅದನ್ನು ನಾನು ಕೇಳಿದೆ, ಆತ ಕೇಳಲಿಲ್ಲ.

ಈ ನಡುವೆ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಜಾಗ ಸಿಗುವುದಿಲ್ಲ. ಸರಕಾರ ಪುಂಡಿಯನ್ನು ಬಹಳ ವರ್ಷ ನೆನಪಿಡಲಿಲ್ಲ. ಈತನಿಗೆ ಬೇರೆ ಬೇರೆ ಕೆಲಸ ಹಚ್ಚಿದರು. ಗೊಬ್ಬರದ ಕುಣಿ, ಕೋಳಿ ಸಾಕಣೆ. ಕೋಳಿಯನ್ನೂ ಪುಂಡಿಯಷ್ಟೇ ಹುರುಪಿನಿಂದ ಹೊತ್ತು ತಿರುಗಿದ. ನರಗುಂದಕ್ಕೂ ವರ್ಗವಾಗಿ ಹೋಗಿದ್ದ. ಅಲ್ಲಿ ಜರಿ ರುಮಾಲಿನವರು ಆತನನ್ನು ಕಂಡರೆ ರಸ್ತೆಯ ಆ ಬದಿಗೆ ಸರಿಯುತ್ತಿದ್ದರಂತೆ. ಅಂಗಡಿಗೆ ನೈಲಾನ್ ಹಗ್ಗ ಬಂದ ಹೊಸತರಲ್ಲಿ ಒಮ್ಮೆ ಇಬ್ಬರೂ ಗಜೇಂದ್ರಗಡದ ಸಂತೆಯಲ್ಲಿದ್ದೆವು. ನೀಲಿ ಹಗ್ಗವನ್ನು ಜಗ್ಗಿದ, ಮೂಸಿದ, ಹಲ್ಲಿಗೆ ಕೊಟ್ಟ. "ಹರಿಯೂದಿಲ್ಲ, ಖರೆ" ಎಂದ. "ಆದ್ರ ಮಾಸ್ತರ, ಇದಕ್ಕ ಎಲಿ ಇಲ್ಲ, ಹೂವಿಲ್ಲ, ಕೊಳಿಯೂದಿಲ್ಲ. ಪಲ್ಯಾ ಆಗದ ಹಗ್ಗಾ ತಗೊಂಡು ಏನು ಮಾಡೋದ್ರಿ?" ಅಂಗಡಿಯವನು ನನ್ನ ಮುಖ ನೋಡಿದ.

ಇರಲಿ. ಆ ವರ್ಷದ ಶ್ರಾವಣಕ್ಕೆ ಬರುತ್ತೇನೆ.

ಹೊಲದ ನಾರೆಲ್ಲ ಗೌಡರ ಅಟ್ಟದ ಮೇಲಿತ್ತು. ಸಿಟ್ಟಿಗೆ ಗೌಡರು ಅದನ್ನು ಸಂತೆಗೂ ಕಳಿಸಿರಲಿಲ್ಲ, ಸುಡಲೂ ಮನಸ್ಸು ಬಂದಿರಲಿಲ್ಲ. ಆಯಿ ಮಾತ್ರ ಬೇಸಿಗೆಯುದ್ದಕ್ಕೂ ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಳು. ಎತ್ತುಗಳಿಗೆ ಹೊಸ ಕಣ್ಣಿ ಬಂದವು. ಹೊರಸುಗಳು ಬಿಗಿಯಾದವು. ಬಾಣಂತಿಯ ಮನೆಗೆ ತೊಟ್ಟಿಲ ಹಗ್ಗ ಹೋಯಿತು. ಊರವರು ಒಬ್ಬೊಬ್ಬರಾಗಿ, "ಆಯಿ, ಒಂದು ಲಡಿ ಇದ್ರ" ಎಂದು ಬರತೊಡಗಿದರು. ಮೂಗು ಮುಚ್ಚಿಕೊಂಡಿದ್ದವರೇ ಈಗ ಕೈ ಚಾಚಿದ್ದರು. ನಾಗರ ಪಂಚಮಿ ಬಂದಾಗ, ಗೌಡರ ಮನೆಯ ಮುಂದಿನ ಬೇವಿನ ಮರಕ್ಕೆ ಹಾಕುವ ಜೋಕಾಲಿಗೆ ಆಯಿ ಅದೇ ನಾರಿನಿಂದ ಮುಂಗೈ ದಪ್ಪದ ಹಗ್ಗ ಹೊಸೆಸಿದಳು.

ಹೊಸ ಹಗ್ಗಕ್ಕೆ ಮೊದಲು ಜೋಳದ ಚೀಲ ಕಟ್ಟಿ ತೂಗಿ ನೋಡುವುದು ರೂಢಿ. ಚೀಲ ತಂದರು. ಆಯಿ ಕೈ ಅಡ್ಡ ಮಾಡಿದಳು.

"ಜೋಳದ ಚೀಲ ಯಾಕ? ಚೀಲಾ ಚೀಲಾ ಅಂತ ಬಡಕೊಂತಿದ್ದನಲ್ಲ, ಅವನ್ನಽ ಕರೀರಿ. ಅವನ ನಾರು, ಅವನಽ ಮೊದಲು ಕೂಡ್ರಲಿ."

ಕರೆ ಬಂದಾಗ ನನಗೂ ಹಬ್ಬದ ಸೂಟಿ. ಇಬ್ಬರೂ ಹೋದೆವು. ಮರದ ಕೆಳಗೆ ಊರೇ ನೆರೆದಿತ್ತು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಗುಂಪಾಗಿ ನಿಂತಿದ್ದರು. ಗೌಡರು ಕಟ್ಟೆಯ ಕಂಬಕ್ಕೆ ಒರಗಿ ಬೇರೆ ಕಡೆ ನೋಡುತ್ತಿದ್ದರು. ಅವರ ಮಗಳು ಬಾಗಿಲಲ್ಲಿದ್ದಳು. ಆತ ಜೋಕಾಲಿಯನ್ನು ಬುಡದಿಂದ ತುದಿಯವರೆಗೆ ನೋಡಿದ. ನನ್ನ ತೋಳು ಹಿಡಿದ.

"ಮಾಸ್ತರ, ಹಗ್ಗದ ಭರೋಸಾ ಐತ್ರಿ. ನನ್ನ ಭರೋಸಾ ಇಲ್ಲ. ಜೋಕಾಲಿ ಅಂದ್ರ ನನಗ ಸಣ್ಣವಿದ್ದಾಗಿಂದ ತಲಿ ತಿರಗತೈತಿ."

ಅಷ್ಟರಲ್ಲಿ ಆಯಿ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಜೋಕಾಲಿಯ ಮಣೆ ಹತ್ತಿ ನಿಂತುಬಿಟ್ಟಿದ್ದಳು!

"ಕೂಡು ತಮ್ಮಾ. ನೀ ಕೂಡು, ನಾ ಜೀಕತೇನಿ."

ಗೌಡರು "ಯವ್ವಾ, ಇಳೀ!" ಎಂದು ಕಂಬ ಬಿಟ್ಟು ಬಂದರು. ಆಯಿ ಕೇಳಲಿಲ್ಲ. ಆತ ಆಕೆಯ ಕಾಲ ಬಳಿ ಮಣೆಯ ಮೇಲೆ ಕೂತು ಎರಡೂ ಕಡೆಯ ಹಗ್ಗ ತಬ್ಬಿಕೊಂಡ, ಕಣ್ಣು ಮುಚ್ಚಿಕೊಂಡ. ಆಯಿ ಒಮ್ಮೆ ಮೊಣಕಾಲು ಬಗ್ಗಿಸಿ ಜೀಕಿದಳು. ಮತ್ತೊಮ್ಮೆ ಜೀಕಿದಳು. ಆ ಮುದುಕಿಯ ಮೈಯಲ್ಲಿ ಎಷ್ಟು ಪಂಚಮಿಗಳು ಕೂಡಿಬಿದ್ದಿದ್ದವೋ! ಜೋಕಾಲಿ ಬೇವಿನ ಕೆಳಗಿನ ಟೊಂಗೆ ದಾಟಿತು. ಹೆಣ್ಣುಮಕ್ಕಳು ಕೇಕೆ ಹಾಕಿದರು.

"ತಮ್ಮಾ, ಸೆರೆ ಕುಡೀತೀ ಏನು?" ಆಯಿಯ ದನಿ ಮೇಲಿನಿಂದ ಬಂತು.

"ಇಲ್ಲಬೇ!"

"ಹೇಣ್ತಿ ಮ್ಯಾಲೆ ಕೈ ಮಾಡತೀ ಏನು?"

"ಹೇಣ್ತಿನಽ ಇಲ್ಲಬೇ!"

"ಬಂದ ಮ್ಯಾಲೆ?"

"ಇಲ್ಲಬೇ! ಇಳಸಬೇ!"

"ದಿನಾ ಮೈ ತೊಳಕೋತೀ ಏನು?"

"ಎರಡು ಸಲ ಬೇ! ಸೀಗೀಕಾಯಿ ಹಚ್ಚಿ!"

ಊರು ನಕ್ಕು ನಕ್ಕು ನೆಲಕ್ಕೆ ಕೂತಿತು. ಆಯಿ ಮಾತ್ರ ನಗಲಿಲ್ಲ. ಮತ್ತೂ ಒತ್ತಿ ಜೀಕಿದಳು. ಹಗ್ಗ ಕಿರ್ರೆಂದಿತು, ಒಂದೆಳೆ ಕದಲಲಿಲ್ಲ. ಜೋಕಾಲಿ ಆ ತುದಿಗೆ ಹೋಗಿ ಒಂದು ಕ್ಷಣ ಗಾಳಿಯಲ್ಲಿ ನಿಂತಾಗ ಆಕೆ ಕೇಳಿದಳು:

"ನಮ್ಮ ಹುಡುಗಿನ ಯಾಕ ಬೇಡಿದಿ? ಖರೇ ಹೇಳು. ನಿನ್ನಿಂದ ಕೆಟ್ಟಿತಂತ ಕನಿಕರಕ್ಕೇನು? ಕನಿಕರ ಆಗಿದ್ರ ಬ್ಯಾಡಂತಾಳ ಆಕಿ. ಕೆರಿ ಬಾವಿ ನೋಡಿಕೊಂಡೇನು, ಕನಿಕರದ ಗಂಡ ಬ್ಯಾಡಂತಾಳ."

ನಗು ನಿಂತಿತು. ಬಾಗಿಲಲ್ಲಿದ್ದವಳು ಚೌಕಟ್ಟು ಹಿಡಿದುಕೊಂಡಳು. ಕಣ್ಣು ಮುಚ್ಚಿದವನಿಗೆ ಇದಾವುದೂ ಕಾಣುತ್ತಿರಲಿಲ್ಲ. ಅಂದು ಗೌಡರೆದುರು ಬಾರದ ಉತ್ತರ ಈಗ, ಆಕಾಶದಲ್ಲಿ ತೂಗುವಾಗ ಬಂತು. ಕೂಗಿದ. ಪಡುವಣ ಓಣಿಗೂ ಕೇಳಿಸಿರಬೇಕು.

"ಕನಿಕರ ಅಲ್ಲಬೇ! ಅವತ್ತ ಎಲ್ಲಾರೂ ಮೂಗು ಮುಚ್ಚಿಕೊಂಡ್ರು. ಆಕಿ ಒಬ್ಬಾಕಿ ಬಾಯಿ ತುಂಬ ನಕ್ಕಳು! ಆ ನಗಿ ನನ್ನ ಕಿವ್ಯಾಗಿಂದ ಹೋಗವಲ್ದು! ಜಲ್ಮಪೂರ್ತಿ ಕೇಳಬೇಕನಸತೈತಿ! ಇಳಸಬೇ, ನಿನ್ನ ಕಾಲಿಗೆ ಬೀಳತೇನಿ, ಇಳಸು!"

ಆಯಿ ಜೀಕುವುದನ್ನು ಬಿಟ್ಟಳು. ಜೋಕಾಲಿ ತಾನಾಗಿ ಸಣ್ಣದಾಗುತ್ತ ಬಂತು. ಆಕೆ ಇಳಿದು, ನಿರಿಗೆ ಸರಿಮಾಡಿಕೊಂಡು, ಮಗನತ್ತ ತಿರುಗಿ, "ಹಗ್ಗ ಚಲೋ ಐತಿ" ಎಂದಳು. ಗೌಡರು ಕಂಬದ ಕಡೆ ಮುಖ ಮಾಡಿ ನಿಂತಿದ್ದರು. ಅವರ ಹೆಗಲು ಕುಣಿಯುತ್ತಿದ್ದವು. ಅಳುತ್ತಿದ್ದರೋ ನಗುತ್ತಿದ್ದರೋ, ಬಳಿಯಲ್ಲಿದ್ದ ನನಗೂ ತಿಳಿಯಲಿಲ್ಲ. ಮುಖ ಒರೆಸಿಕೊಂಡು, "ಸಾಹೇಬನ್ನ ಕಟ್ಟಿ ಮ್ಯಾಲೆ ಕೂಡಸ್ರಿ" ಎಂದರು.

ಸಾಹೇಬ ಮಾವನ ಕಾಲು ಮುಟ್ಟಲು ಹೊರಟಿದ್ದ. ನೆಲ ಇನ್ನೂ ಆತನ ಪಾಲಿಗೆ ತೂಗುತ್ತಿತ್ತು. ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ಇಟ್ಟು, ಗೋದಲಿಯಲ್ಲಿ ಮೇಯುತ್ತಿದ್ದ ಎಮ್ಮೆಯ ಮುಂದೆ ಭಕ್ತಿಯಿಂದ ಬಾಗಿದ. ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ತೋಳು ಹಿಡಿದು ತಿರುಗಿಸಿ ಕಟ್ಟೆಯ ಮೇಲೆ ಕೂಡಿಸಿದೆ.

ಗೌಡರ ಮಗಳು ಬಾಗಿಲು ಬಿಟ್ಟು ಬಂದಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಒಂದು ಕೈಯಲ್ಲಿ ಪಂಚಮಿಯ ಉಂಡಿಗಳ ತಾಟು. ಆತನ ಮುಂದೆ ನಿಂತಳು. ಜೋಕಾಲಿ ಹತ್ತಿದ ಮೇಲೆ ಆತ ಮೊದಲ ಸಲ ಕಣ್ಣು ಪೂರ್ತಿ ತೆರೆದ. ಅವಳ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದ. ಕೈ ಚಾಚಿ, ಎಲ್ಲಿಗೆ ಚಾಚಬೇಕೆಂದು ತಿಳಿಯದೆ ಹಿಂದಕ್ಕೆಳೆದುಕೊಂಡ.

"ನೀವು ಇಬ್ಬರು ಕಾಣಾಕತ್ತೀರಿ" ಎಂದ, ಬಹಳ ಸಂಕೋಚದಿಂದ.

"ಹಂಗಾದ್ರ ಸುಮ್ಮನ ಕೂಡ್ರಿ" ಎಂದಳು ಅವಳು. "ಒಬ್ಬಾಕಿ ಆಗೂತನಾ ಇಲ್ಲೇ ನಿಂತಿರತೇನಿ."